ಕಿಟಕಿ ಅಂಟಿಸುವ ಮೊದಲು

ಕಾರಾ-ಬುಲುಂಗ್ ಹಳ್ಳಿಯಲ್ಲಿ ಚಳಿಗಾಲಕ್ಕೆ ಮುಂಚೆ ಎಲ್ಲರೂ ಕಿಟಕಿ ಅಂಟಿಸುತ್ತಾರೆ. ಹಿಟ್ಟಿನ ಗಂಜಿ ಕಾಯಿಸಿ, ಹಳೆಯ ಪೇಪರನ್ನು ಉದ್ದುದ್ದ ಪಟ್ಟಿ ಹರಿದು, ಚೌಕಟ್ಟಿನ ಸಂದುಗಳಿಗೆಲ್ಲ ಮೆತ್ತಿಬಿಟ್ಟರೆ ಮುಗಿಯಿತು. ಆಮೇಲೆ ವಸಂತದ ನೂರುಜ್ ಹಬ್ಬದವರೆಗೆ ಅವು ಕಿಟಕಿಗಳಲ್ಲ, ಗಾಜಿನ ಗೋಡೆಗಳು. ಅಂಟಿಸುವ ಹೊತ್ತಿಗೆ ಮನೆಯೊಳಗೆ ಯಾವ ಗಾಳಿ ಇರುತ್ತದೋ ಅದನ್ನೇ ಇಡೀ ಚಳಿಗಾಲ ಒಬ್ಬರ ಮೂಗಿನಿಂದ ಇನ್ನೊಬ್ಬರ ಮೂಗಿಗೆ ದಾಟಿಸುತ್ತ ಬದುಕಬೇಕು. ಹಾಗಾಗಿ ತಿಳಿವಳಿಕೆಯುಳ್ಳ ಹೆಂಗಸರು ಗಂಜಿ ಒಲೆಗೇರಿಸುವ ಮೊದಲು ಮೂಲೆಮೂಲೆ ಮೂಸಿ ನೋಡುತ್ತಾರೆ. ಕೆಳಕೇರಿಯ ಒಂದು ಮನೆಯವರು ಒಂದು ವರ್ಷ ಮೂಸುವುದನ್ನು ಮರೆತು, ಕೊಳೆತ ಈರುಳ್ಳಿ ಮೂಟೆಯ ಜೊತೆ ತಮ್ಮನ್ನು ತಾವೇ ಅಂಟಿಸಿಕೊಂಡುಬಿಟ್ಟರು. ವಸಂತದಲ್ಲಿ ಕಿಟಕಿ ತೆರೆದಾಗ ಮೇಲೆ ಹಾರುತ್ತಿದ್ದ ಕಾಗೆಗಳು ಬೇರೆ ದಾರಿ ಹಿಡಿದವು. ಆ ಮನೆಯ ದೊಡ್ಡ ಮಗ ಯಾರೂ ಕರೆಯದೆ ತಾನಾಗಿ ಹೋಗಿ ಸೈನ್ಯಕ್ಕೆ ಸೇರಿಕೊಂಡ. ಇವತ್ತಿಗೂ ಊರಿಗೆ ಬಂದರೆ ಅಂಗಳದಲ್ಲೇ ಮಲಗುತ್ತಾನೆ.

ಸೈರಕಾನಳಿಗೆ ಆ ಗತಿ ಬರುವ ಹಾಗೇ ಇರಲಿಲ್ಲ. ಅವಳ ಮೂಗು ಇಡೀ ಕಣಿವೆಯಲ್ಲಿ ಹೆಸರುವಾಸಿ. ಹೊಳೆಯಾಚೆಯ ಮನೆಯಲ್ಲಿ ಮಾಂಸ ಬೇಯುತ್ತಿದ್ದರೆ, ಅದು ಕುರಿಯ ತೊಡೆಯೋ ಪಕ್ಕೆಲುಬೋ ಎಂದು ಇಲ್ಲಿಂದಲೇ ಹೇಳುತ್ತಿದ್ದಳು. ಗಾಳಿ ಈ ಕಡೆ ಬೀಸುತ್ತಿದ್ದರೆ, ಅದನ್ನು ಬೇಯಿಸುತ್ತಿರುವವಳು ಗಂಡನ ಮೇಲೆ ಸಿಟ್ಟಾಗಿದ್ದಾಳೋ ಇಲ್ಲವೋ ಎಂಬುದನ್ನೂ ಹೇಳುತ್ತಿದ್ದಳು. ಅಂಥ ಮೂಗಿನವಳಿಗೆ ದೇವರು ಶಾರ್ಶೆನ್ ಎಂಬ ಗಂಡನನ್ನು ಕೊಟ್ಟಿದ್ದ. ಪ್ರಾಯದಲ್ಲಿ ಕುದುರೆ ಒದ್ದು ಅವನ ಮೂಗು ಒಂದು ಕಡೆಗೆ ಮಲಗಿಬಿಟ್ಟಿತ್ತು, ಮತ್ತೆ ಏಳಲೇ ಇಲ್ಲ. ವಾಸನೆ ಎಂಬುದು ಹೆಂಗಸರು ಹೊತ್ತು ಹೋಗಲೆಂದು ಕಟ್ಟಿದ ಕತೆ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಆ ವರ್ಷ ಅವರ ಮನೆ ಚಳಿಗೆ ತಯಾರಾಗಿ ನಿಂತಿತ್ತು. ಬೆರಣಿ ಕೊಟ್ಟಿಗೆಯ ಗೋಡೆಗೆ ಸೂರಿನವರೆಗೂ ಒಟ್ಟಿಯಾಗಿತ್ತು. ಮಾಳಿಗೆಗೆ ಹೊಸ ಮಣ್ಣು ಮೆತ್ತಿಯಾಗಿತ್ತು. ಆಲೂಗಡ್ಡೆ ಗುಂಡಿಗೆ ಇಳಿದಿತ್ತು, ಕೋಸು ಉಪ್ಪಿನಲ್ಲಿ ಕೂತಿತ್ತು, ಬೆಣ್ಣೆ ತೊಳೆದ ಕುರಿಜಠರದೊಳಗೆ ತುಂಬಿ ಬಾಯಿ ಕಟ್ಟಿಸಿಕೊಂಡು ಗೂಟಕ್ಕೆ ನೇತಾಡುತ್ತಿತ್ತು. ಉಳಿದದ್ದು ಕಿಟಕಿ ಒಂದೇ. ಆದರೆ ಕಿಟಕಿ ಅಂಟಿಸುವ ಹಾಗಿರಲಿಲ್ಲ. ಒಳಗೆ ಬೀಗರಿದ್ದರು.

ಮಗಳು ಬುರುಲಳನ್ನು ಕೊಟ್ಟದ್ದು ಘಾಟಿಯಾಚೆಯ ಊರಿಗೆ. ಅವಳ ಮಾವ ಓಸ್ಕೊಂಬಾಯ್, ಗಂಡು ಮೊಮ್ಮಗ ಹುಟ್ಟಿದ ಸುದ್ದಿ ಹೊತ್ತು ಕುದುರೆ ಮೇಲೆ ಬಂದವನು, ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮೈಮೇಲೆ ನೆಲಕ್ಕೆ ತಾಗುವ ಕುರಿಚರ್ಮದ ಕೋಟು. ಮೊದಲ ಸಂಜೆ ಎಲ್ಲರೂ ಖುಷಿಯಿಂದ ಅತ್ತರು, ನಕ್ಕರು, ಕುರಿ ಕಡಿದರು. ಒಲೆ ಚೆನ್ನಾಗಿ ಕಾಯ್ದು ಎರಡನೇ ಸಲದ ಚಹಾ ಬಗ್ಗಿಸುವಾಗ ಸೈರಕಾನಳ ಮೂಗಿಗೆ ಅದು ಬಡಿಯಿತು.

ಅದನ್ನು ವಾಸನೆ ಎಂದರೆ ಬೇರೆ ವಾಸನೆಗಳು ಬೇಜಾರು ಮಾಡಿಕೊಳ್ಳುತ್ತವೆ. ಸತ್ತ ಹೋತ, ಒದ್ದೆ ನಾಯಿ, ಹುಳಿ ಹತ್ತಿ ಮತ್ತೆ ಹುಳಿ ಹತ್ತಿದ ಹಾಲು, ಈ ಮೂರೂ ಒಂದೇ ಕಂಬಳಿಯೊಳಗೆ ಮಲಗಿ ಜಾಗಕ್ಕಾಗಿ ಜಗಳವಾಡಿದ ಹಾಗಿತ್ತು. ಮೊದಲು ಗಂಟಲಿಗೆ ಹೋಗಿ ಕೂರುತ್ತಿತ್ತು, ಆಮೇಲೆ ಕಣ್ಣಿಗೆ ಹತ್ತುತ್ತಿತ್ತು, ಕೊನೆಗೆ ಚಹಾದ ಮೇಲೆ ಕೆನೆಯಾಗಿ ತೇಲುತ್ತಿತ್ತು. ಒಳಗೆ ಬಂದ ನೊಣಗಳು ಒಂದು ಸುತ್ತು ಹಾಕಿ ತಾವಾಗಿ ಕಿಟಕಿಯ ಹತ್ತಿರ ಹೋಗಿ, ಬಿಡಿಸಿ ಎಂದು ಗಾಜಿಗೆ ತಲೆ ಚಚ್ಚಿಕೊಂಡವು.

ಮಾರನೇ ದಿನ ಕೊಟ್ಟಿಗೆಯಲ್ಲಿ ಸೈರಕಾನ್ ಗಂಡನನ್ನು ಹಿಡಿದಳು.

"ರೀ, ಆ ಮನುಷ್ಯ ಯಾವಾಗ ಹೋಗ್ತಾನೆ?"

"ಯಾವ ಮನುಷ್ಯ?"

"ಮೂಲೇಲಿ ಕೊಳೀತಾ ಕೂತಿದಾನಲ್ಲ, ಅವ್ನು."

"ಲೇ! ಬೀಗ್ರು ಕಣೇ! ಮೆಲ್ಲಗೆ ಮಾತಾಡು."

"ಮೆಲ್ಲಗೇ ಮಾತಾಡ್ತಿದೀನಿ. ಜೋರಾಗಿ ಮಾತಾಡೋಕೆ ಉಸಿರು ಎಳ್ಕೋಬೇಕು, ಅದು ನನ್ ಕೈಲಿ ಆಗ್ತಿಲ್ಲ. ಎದೆಗೇನೋ ಹಚ್ಕೋತಾನೆ ಅನ್ಸುತ್ತೆ. ಕಾಡುಹಂದಿ ಕೊಬ್ಬೋ, ಕಾಡಿನ ಇನ್ನೇನೋ."

"ನಂಗೇನೂ ಬರ್ತಿಲ್ಲಪ್ಪ ವಾಸ್ನೆ."

"ನಿಮ್ಗೆ ಬರಲ್ಲ. ನೀವು ಸತ್ರೂ ನಿಮ್ಗೆ ಗೊತ್ತಾಗಲ್ಲ, ನಾವೇ ಬಂದು ಹೇಳ್ಬೇಕು."

ಶಾರ್ಶೆನ್ ಹುಲ್ಲಿನ ಕವೆಗೋಲಿಗೆ ಒರಗಿ ಹೆಂಡತಿಗೆ ಸಮಾಧಾನ ಹೇಳಿದ. ಬೀಗರಿಗೆ ಕೊಡಬೇಕಾದ ಉಡುಗೊರೆಯ ಕೋಟು ಒಳಕೋಣೆಯ ಪೆಟ್ಟಿಗೆಯಲ್ಲಿ ತಯಾರಾಗಿದೆ. ಅವರು ಎದ್ದು, "ಇನ್ನು ಅಪ್ಪಣೆ ಕೊಡಿ" ಅಂದರೆ ಸಾಕು, ಹೆಗಲಿಗೆ ಹೊದಿಸಿ, ಕುದುರೆ ಹತ್ತಿಸಿ, ಕಳಿಸಿಕೊಡಬಹುದು. ಅವರಾಗಿ ಹೇಳುವ ಮೊದಲೇ ಹೊದಿಸಿದರೆ ಹೊರಗೆ ನೂಕಿದ ಹಾಗಾಗುತ್ತದೆ. ನೂಕಿದರೆ ಏನಾಗುತ್ತದೆ ಎಂದು ಅವನು ಬಿಡಿಸಿ ಹೇಳಬೇಕಿರಲಿಲ್ಲ. ಇಲ್ಲಿ ಯಾರಾದರೂ ಬೀಗರ ಎದುರು ಮೂಗು ಮುಚ್ಚಿಕೊಂಡರೆ, ಘಾಟಿಯಾಚೆ ಬುರುಲಳ ಬಾಯಿ ಮುಚ್ಚಿಸುತ್ತಾರೆ. ಸೈರಕಾನಳಿಗೆ ಅದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವಳು ಮೂಗು ಮುಚ್ಚದೆ, ಬಾಯಲ್ಲಿ ಉಸಿರಾಡುತ್ತ, ನಗುನಗುತ್ತ ಬಡಿಸುತ್ತಿದ್ದಳು. ಬಾಯಲ್ಲಿ ಉಸಿರಾಡಿದರೆ ಆ ವಾಸನೆಗೆ ರುಚಿಯೂ ಇದೆ ಎಂದು ಗೊತ್ತಾಗುತ್ತಿತ್ತು.

ಬೀಗರು ಎದ್ದೇಳಲಿಲ್ಲ. ತಿಂದರು. ತೊಡೆಯ ಮೂಳೆಯನ್ನು ಎತ್ತಿ, ಒಳಗಿನ ನೆಣವನ್ನು ಕೊಳಲೂದುವವರ ಹಾಗೆ ಕಣ್ಣು ಮುಚ್ಚಿ ಹೀರಿದರು. ಕೊಬ್ಬು ಗಡ್ಡದಲ್ಲಿಳಿದು, ಅರ್ಧ ದಾರಿಯಲ್ಲಿ ತಣ್ಣಗಾಗಿ, ಅಲ್ಲೇ ಬಿಳಿ ಮಣಿಗಳಾಗಿ ನಿಂತಿತು. ಊಟವಾದ ಮೇಲೆ ಹಸಿರು ಹೊಗೆಸೊಪ್ಪಿನ ಪುಡಿಯನ್ನು ನಾಲಿಗೆಯ ಕೆಳಗಿಟ್ಟುಕೊಂಡು, ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, ಹೊಸಿಲಾಚೆ ಪಿಚಕ್ಕೆಂದು ಉಗಿದರು. ಸೈರಕಾನ್ ಇದೆಲ್ಲವನ್ನೂ ನೋಡಿದಳು. ನೋಡಬಾರದು ಎಂದುಕೊಂಡು ನೋಡಿದಳು. ಆ ಉಗುರುಗಳು, ಆ ಗಡ್ಡ, ಆ ತೇಗು. ಒಬ್ಬ ಮನುಷ್ಯ ಇಷ್ಟು ನಾರಬೇಕಾದರೆ ಒಂದು ದಿನದ ಕೆಲಸವಲ್ಲ, ಚಿಕ್ಕಂದಿನಿಂದ ಶ್ರದ್ಧೆಯಿಂದ ಮಾಡಿಕೊಂಡು ಬಂದಿರಬೇಕು ಎಂದು ಅವಳಿಗನ್ನಿಸಿತು.

ಅವಳೂ ಸುಮ್ಮನೆ ಕೂರಲಿಲ್ಲ. ಅರ್ಚ ಗಿಡದ ಟೊಂಗೆ ಸುಟ್ಟು, ಸಾಂಬ್ರಾಣಿ ಹಾಕಿದ ಹಾಗೆ ಮನೆ ತುಂಬ ಹೊಗೆ ಹಾಕಿದಳು. ವಾಸನೆ ಹೊಗೆಯ ಮೇಲೆ ಹತ್ತಿ ಕೂತು, ಇದುವರೆಗೆ ಹೋಗದ ಮೂಲೆಗಳಿಗೂ ಹೋಗಿಬಂತು. ಸ್ನಾನದ ಮನೆಗೆ ಬೆಂಕಿ ಹಾಕಿಸಿ, "ಬೀಗ್ರೇ, ನೀರು ಕಾದಿದೆ, ದಾರಿ ಆಯಾಸ ಕಳ್ಕೊಳಿ" ಅಂದಳು. ಓಸ್ಕೊಂಬಾಯ್ ಸಂತೋಷದಿಂದ ಹೋದ. ಮೈ ಉಜ್ಜಿ, ತಲೆ ಉಜ್ಜಿ, ಗಡ್ಡ ಉಜ್ಜಿ, ಕೆಂಪು ಟೊಮೆಟೊ ಹಾಗೆ ಹೊಳೆಯುತ್ತ ಬಂದ. ಬಂದವನೇ ಆ ಕೋಟನ್ನು ಹೆಗಲಿಗೇರಿಸಿ ಒಲೆಯ ಪಕ್ಕ ಕೂತ. ಚಹಾ ಕುದಿಯುವ ಹೊತ್ತಿಗೆ ವಾಸನೆಯೂ ಕುದಿಯಿತು. ಸ್ನಾನ ಮಾಡಿಸಿದರೂ ಹೀಗಾದರೆ ಇದು ಚರ್ಮದ ಮೇಲಿನದ್ದಲ್ಲ, ಮೂಳೆಯೊಳಗಿನದ್ದು ಎಂದು ಸೈರಕಾನ್ ತೀರ್ಮಾನಿಸಿದಳು.

ಮಾತಿನಲ್ಲೂ ಚುಚ್ಚಿ ನೋಡಿದಳು.

"ಘಾಟಿ ಮೇಲೆ ಮೋಡ ಕಟ್ಟಿದೆ ಬೀಗ್ರೇ. ಹಿಮ ಬಿದ್ರೆ ದಾರಿ ಮುಚ್ಚಿಹೋಗುತ್ತೆ. ಪಾಪ, ನಿಮ್ ಕುದುರೆಗೆ ತೊಂದ್ರೆ."

"ಹೌದ್ರಿ ಬೀಗ್ತಿಯವ್ರ, ಭಾಳ ತೊಂದ್ರಿ ಆಕ್ಕೈತಿ" ಎಂದ ಓಸ್ಕೊಂಬಾಯ್. ಘಾಟಿಯಾಚೆಯವರ ಮಾತೇ ಹಾಗೆ, ಎಳೆದು ಎಳೆದು. ಹಾಗಂದು, ಕಿಟಕಿಯಾಚೆ ಮೋಡವನ್ನು ದುಃಖದಿಂದ ನೋಡಿ, ಎಣ್ಣೆಯಲ್ಲಿ ಕರಿದ ಇನ್ನೊಂದು ಹಿಟ್ಟಿನುಂಡೆ ಬಾಯಿಗೆ ಹಾಕಿಕೊಂಡ.

ಪಕ್ಕದ ಮನೆಯ ತೂರಾಕಾನ್ ಜರಡಿ ಕೇಳಲು ಬಂದವಳು ಹೊಸಿಲಲ್ಲೇ ನಿಂತಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ಸೈರಕಾನಕ್ಕಾ, ಮನೇಲಿ ಯಾರಾದ್ರೂ... ತೀರ್ಕೊಂಡ್ರಾ?"

"ಇಲ್ಲ. ಬೀಗ್ರು ಬಂದಿದಾರೆ."

"ಓ" ಎಂದಳು ತೂರಾಕಾನ್. ತಲೆವಸ್ತ್ರದ ತುದಿಯನ್ನು ಮೂಗಿಗೆ ಒತ್ತಿಕೊಂಡು, "ದೇವ್ರು ನಿಮ್ಗೆ ತಾಳ್ಮೆ ಕೊಡ್ಲಿ" ಎಂದು ಸಾವಿನ ಮನೆಯಲ್ಲಿ ಹೇಳುವ ಹಾಗೇ ಹೇಳಿ, ಜರಡಿ ಮರೆತು ಹೋದಳು. ಮನೆಯ ನಾಯಿ, ಬೆಟ್ಟದಲ್ಲಿ ಸತ್ತ ಪ್ರಾಣಿ ಸಿಕ್ಕರೆ ಅದರ ಮೇಲೆ ಹೊರಳಾಡಿ ಸುಗಂಧ ಹಚ್ಚಿಕೊಂಡು ಬರುವ ನಾಯಿ, ಅವಳ ಹಿಂದೆಯೇ ಹೋಯಿತು. ಅಲ್ಲೇ ಉಳಿಯಿತು.

ಕೊನೆಗೂ ಘಾಟಿಯ ತುದಿಯಲ್ಲಿ ಮೊದಲ ಹಿಮ ಬಿಳಿಯಾಗಿ ಕಂಡಿತು. ಅವತ್ತು ಊರಿಗೆ ಊರೇ ಕಿಟಕಿಗೆ ಕೈ ಹಾಕಿತು. ಎಲ್ಲ ಮನೆಗಳಿಂದ ಪೇಪರು ಹರಿಯುವ ಸದ್ದು, ಗಂಜಿ ತಳ ಹಿಡಿದ ಕಮಟು. ಸೈರಕಾನಳೂ ಗಂಜಿ ಕಾಯಿಸಿದಳು. ಬೆಳಗಿನ ಗಾಳಿ ಸಂದುಗಳಿಂದ ಚಾಕುವಿನ ಹಾಗೆ ನುಗ್ಗುತ್ತಿತ್ತು. ಇನ್ನು ಮುಂದೂಡುವ ಹಾಗಿರಲಿಲ್ಲ. ಅಂಟಿಸಿದರೆ ಈ ಮನುಷ್ಯ ಒಳಗೆ. ದಾರಿ ಮುಚ್ಚಿದರೆ ಈ ಮನುಷ್ಯ ವಸಂತದವರೆಗೆ ಒಳಗೆ. ಅವಳು ಬ್ರಷ್ಷು ಹಿಡಿದು ಕಿಟಕಿಯೆದುರು ನಿಂತಳು. ಕೈ ಏಳಲಿಲ್ಲ.

"ಎತ್ತರಾತನ್ರಿ? ತರ್ರಿ ಇಲ್ಲೆ, ನಾ ಹಚ್ತೀನಿ" ಎಂದು ಓಸ್ಕೊಂಬಾಯ್ ಎದ್ದು ಬಂದ. ಪಟ್ಟಿ ಇಸಿದುಕೊಂಡು, ಮೇಲಿನ ಮೂಲೆಗೆಂದು ತೋಳು ಎತ್ತಿದ. ಕೋಟು ಬಾಯಿ ತೆರೆಯಿತು. ಒಳಗೆ ಬೆಳಗಿನಿಂದ ಬೆಚ್ಚಗೆ ಕೂಡಿಟ್ಟುಕೊಂಡಿದ್ದದ್ದನ್ನೆಲ್ಲ ಅದು ಒಂದೇ ಉಸಿರಿಗೆ ಸೈರಕಾನಳ ಮುಖಕ್ಕೆ ಊದಿತು. ಅವಳು ಬೆಳಿಗ್ಗೆ ತಿಂದದ್ದು ಗಂಟಲವರೆಗೆ ಬಂದು, ಹೊರಗಿನ ಪರಿಸ್ಥಿತಿ ನೋಡಿ, ವಾಪಸು ಹೋಯಿತು.

"ಗಂಜಿ ಗಂಟಾಗಿದೆ, ಬೇರೆ ಮಾಡ್ತೀನಿ" ಎಂದು ಪಾತ್ರೆ ಹಿಡಿದು ಅವಳು ಹೊರಗೆ ಓಡಿದಳು.

ಹೊರಗೆ ಬೇಲಿಗೆ ಒರಗಿ, ಹೊಟ್ಟೆ ತಣ್ಣಗಾಗುವವರೆಗೆ ಉಸಿರಾಡಿದಳು. ಆಮೇಲೆ ಗಂಜಿಯನ್ನು ಕರುವಿಗಾದರೂ ಹಾಕೋಣವೆಂದು ಹುಲ್ಲಿನ ಬಣವೆಯನ್ನು ಸುತ್ತಿ ಹಿತ್ತಿಲ ಕಡೆ ಬಂದಳು. ಅಲ್ಲಿ ಓಸ್ಕೊಂಬಾಯ್ ಇದ್ದ. ಅವನೂ ಹಿಂಬಾಗಿಲಿನಿಂದ ಹೊರಗೆ ಬಂದಿದ್ದ. ಅಂಥ ಚಳಿಯಲ್ಲಿ ಬರೀ ಅಂಗಿಯಲ್ಲಿ ನಿಂತು, ಘಾಟಿಯ ಗಾಳಿಗೆ ಮುಖ ಕೊಟ್ಟು, ದಡಕ್ಕೆಸೆದ ಮೀನಿನ ಹಾಗೆ ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದ. ಕೋಟು ದೂರದಲ್ಲಿ, ಬೇಲಿಯ ಕಟ್ಟಕಡೆಯ ಗೂಟಕ್ಕೆ ನೇತಾಡುತ್ತಿತ್ತು.

ಅವಳನ್ನು ಕಂಡವನೇ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಕೋಟಿನತ್ತ ಓಡಿದ.

"ತಪ್ಪಾತ್ರಿ! ತಪ್ಪಾತು ಬೀಗ್ತಿಯವ್ರ! ಒಂದ್ ಗಳಿಗಿ ತಗದಿದ್ದೆ, ಅಷ್ಟ. ನೀವ ಹೊಚ್ಚಿದ ಕೋಟು, ನಿಮ್ಮ ಹಿತ್ತಲದಾಗ ತಗೀಬಾರ್ದಾಗಿತ್ತು."

"ನಾವು ಹೊದಿಸಿದ್ದಾ?"

"ಇದ ರೀ. ಹ್ವಾದ ವರ್ಷ ಮದುವ್ಯಾಗ ನೀವ ಹೊಚ್ಚಿದ್ದು. ನಿಮ್ಮ ಯಜಮಾನ್ರು ಕೈಯಾರೆ ಮಾಡಿದ್ದು."

ಸೈರಕಾನ್ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕಿಟ್ಟಳು. ಮದುವೆ ನಡೆದದ್ದು ನಡು ಚಳಿಗಾಲದಲ್ಲಿ, ಹಿಮ ಕಡಿಮೆಯಾಗಿ ಘಾಟಿ ಮುಚ್ಚದೆ ಉಳಿದ ವರ್ಷ. ಅಂಗಳದ ಹಿಮದಲ್ಲಿ ನಿಂತು, ಶಾರ್ಶೆನ್ ಬೀಗರ ಹೆಗಲಿಗೆ ಕೋಟು ಹೊದಿಸಿದ್ದ. ಹಲಗೆಯ ಹಾಗೆ ಸೆಟೆದಿತ್ತು ಅದು. ತೋಳು ಮಡಿಸಿದರೆ ಟಕ್ಕೆಂದಿತ್ತು. ಆ ಚಳಿಯಲ್ಲಿ ಯಾವುದಕ್ಕೂ ವಾಸನೆ ಇರಲಿಲ್ಲ, ಅವಳ ಮೂಗಿಗೇ ಮೂಗಿರಲಿಲ್ಲ.

"ಹಾಕ್ಕೋಬೇಡಿ" ಎಂದಳು. "ಅಲ್ಲೇ ಇರ್ಲಿ ಅದು. ನೀವು ಸ್ವಲ್ಪ ಹತ್ರ ಬನ್ನಿ."

ಓಸ್ಕೊಂಬಾಯ್ ಬಂದ. ಇಷ್ಟು ದಿನದಲ್ಲಿ ಮೊದಲ ಸಲ ಅವಳು ಅವನ ಹತ್ತಿರ ನಿಂತು ಮೂಗಿನಿಂದ ಉಸಿರೆಳೆದಳು. ಸೋಪು. ಕುದುರೆ. ಹಸಿರು ಹೊಗೆಸೊಪ್ಪು. ಹೊಗೆಸೊಪ್ಪು ಅಸಹ್ಯವೇ ಆಗಿತ್ತು, ಆದರೆ ಒಬ್ಬ ಮನುಷ್ಯನಿಗೆ ಆಗಬಹುದಾದಷ್ಟೇ ಅಸಹ್ಯ. ಅವಳು ಬೇಲಿಯ ಕೊನೆಗೆ ನಡೆದು, ಕೋಟಿನ ಅಂಚನ್ನು ಎರಡೂ ಅಂಗೈಗಳ ನಡುವೆ ಇಟ್ಟು ಜೋರಾಗಿ ಉಜ್ಜಿ ಬೆಚ್ಚಗೆ ಮಾಡಿದಳು. ನಿದ್ದೆ ಮಾಡುತ್ತಿದ್ದದ್ದು ಅವಳ ಕೈಯಲ್ಲೇ ಎದ್ದು ಕೂತಿತು.

"ಅಯ್ಯೋ" ಎಂದಳು. "ಇದು ನಿಮ್ ವಾಸ್ನೆ ಅಲ್ವಾ?"

ಮಾತು ಬಾಯಿಂದ ಜಾರಿಹೋಗಿತ್ತು. ಓಸ್ಕೊಂಬಾಯ್ ಗಡ್ಡ ಮೇಲೆತ್ತಿ ಅವಳನ್ನೇ ನೋಡಿದ.

"ನಂದಾ? ನಮ್ಮ ಮನ್ಯಾಗ ಎಲ್ಲಾರೂ ಇದು ನಿಮ್ಮ ಕಡೀ ವಾಸ್ನಿ ಅಂತಾರಲ್ರಿ!"

"ಎಲ್ರೂ ಅಂದ್ರೆ?"

ಅವನು ಹೇಳಬಾರದೆಂದುಕೊಂಡ. ಆದರೆ ಹಾಗೆ ಅಂಗಿಯಲ್ಲಿ ನಿಂತವನಿಗೆ ಗುಟ್ಟು ಹಿಡಿದಿಟ್ಟುಕೊಳ್ಳುವಷ್ಟು ಬಿಸಿ ಮೈಯಲ್ಲಿ ಉಳಿದಿರಲಿಲ್ಲ. ಮೊದಲು ಕೋಟನ್ನು ಕುದುರೆ ಲಾಯದಲ್ಲಿಟ್ಟಿದ್ದನಂತೆ. ಕುದುರೆ ಹಗ್ಗ ಕಡಿದುಕೊಂಡು ಹೋಯಿತು. ಕಣಜದಲ್ಲಿಟ್ಟರೆ ಇಲಿಗಳು ಮಕ್ಕಳುಮರಿ ಕಟ್ಟಿಕೊಂಡು ಸಾಲಾಗಿ ಹೊರಟುಹೋದವು. ಆಮೇಲೆ ಮನೆಯೊಳಗೇ ಇಟ್ಟರು. ಬೀಗರು ಕೊಟ್ಟದ್ದನ್ನು ಎಸೆಯುವ ಹಾಗಿಲ್ಲವಲ್ಲ.

"ನಮ್ಮಾಕಿ ನಾಲಿಗಿ ಸ್ವಲ್ಪ ಚೂಪು ಐತ್ರಿ" ಎಂದ, ನೆಲ ನೋಡುತ್ತ. "ಒಲಿ ಹೊತ್ತಿಸಿದಾಗೆಲ್ಲ ಅಂತಾಳ, 'ಬಂತು ನೋಡವಾ ನಿನ್ನ ತವರಿನ ಅತ್ತರು' ಅಂತ. ಬುರುಲ್ ಒಂದ್ ಮಾತ್ ಆಡಾಂಗಿಲ್ರಿ. ಹೊಳೀಗೆ ಒಯ್ದು ತೊಳೀತಾಳ, ಒಣಗಸ್ತಾಳ, ಮತ್ ತೊಳೀತಾಳ. ನಾ ಒಮ್ಮೆ ಕದ್ದು ಸುಟ್ಟುಬಿಡೂಣಂತ ಹೊಂಟಿದ್ದೆ. ಕೈ ಹಿಡದ್ಲು. 'ಮಾವಾ, ನಮ್ಮಪ್ಪ ಕೈಯಾರೆ ಮಾಡಿದ್ದು' ಅಂದ್ಲು. ಕೂಸಿನ್ನೂ ಸಣ್ಣದು. ಈಗ ನಾವೂ ಕಿಟಕಿ ಹಚ್ಬೇಕಲ್ರಿ."

ಸೈರಕಾನ್ ಕೋಟಿನ ಅಂಚನ್ನು ಬಿಟ್ಟು, ಅಂಗೈಗಳನ್ನು ಹುಲ್ಲಿಗೆ ಒರೆಸಿಕೊಂಡಳು.

"ಹೊಸಾದು ಹೊಚ್ಚಿದ್ರ ಹಳೇದು ಬಿಡಾಕ ಬರ್ತೈತಿ. ಅದಕ್ಕ ಬಂದೇನ್ರಿ, ಖರೇ ಹೇಳ್ತೀನಿ. ಮಮ್ಮಗನ ಸುದ್ದಿ ಒಂದು ನೆವ."

"ಮತ್ತೆ ಇಷ್ಟು ದಿನ ಯಾಕೆ ಏಳ್ಲಿಲ್ಲ ನೀವು? ಎದ್ದಿದ್ರೆ ಅವತ್ತೇ ಹೊದಿಸ್ತಿದ್ವಲ್ಲ!"

"ಹೆಂಗ ಏಳ್ಲಿ? ನಮ್ ಕಡೆ ಬೀಗರು ಹೊಚ್ಚೂ ಮಟಾ ಏಳೂ ಪದ್ಧತಿ ಇಲ್ರಿ."

"ನಮ್ ಕಡೆ ಬೀಗ್ರು ಏಳೋ ತನಕ ಹೊದಿಸೋ ಪದ್ಧತಿ ಇಲ್ಲ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನು ಅವಳ ಉಪಚಾರವನ್ನು ಎಷ್ಟು ಸಹಿಸಿಕೊಂಡಿದ್ದ ಎಂದು ಅವಳಿಗೂ, ಅವಳು ಅವನನ್ನು ಎಷ್ಟು ಸಹಿಸಿಕೊಂಡಿದ್ದಳು ಎಂದು ಅವನಿಗೂ ಆಗಲೇ ಗೊತ್ತಾದದ್ದು.

"ಈಗ್ಲೇ ಹೊದಿಸ್ತೀವಿ" ಎಂದಳು ಸೈರಕಾನ್. "ಮಧ್ಯಾಹ್ನದೊಳಗೆ ಘಾಟಿ ಹತ್ತಿ. ನೀವು ಇಲ್ಲೇ ಇರಿ. ಒಳಗೆ ಬರ್ಬೇಡಿ, ಅದನ್ನೂ ತರ್ಬೇಡಿ."

ಒಳಕೋಣೆ ಒಲೆಯಿಲ್ಲದ, ಮಂಜುಗಡ್ಡೆಯಂಥ ಕೋಣೆ. ಪೆಟ್ಟಿಗೆಯ ಮುಚ್ಚಳ ತೆಗೆದು ಹೊಸ ಕೋಟನ್ನು ಎತ್ತಿದಳು. ನೋಡಲು ಚೆಂದವಿತ್ತು. ಅಂಚಿಗೆ ಕಪ್ಪು ಬಟ್ಟೆ, ಕಾಲರಿಗೆ ದಟ್ಟ ಉಣ್ಣೆ. ಹೊರಟವಳು ನಿಂತಳು. ಕೋಟನ್ನು ಒಲೆಯ ಹತ್ತಿರ ಒಯ್ದು, ಕೆಟಲಿನ ಪಕ್ಕ ಹರಡಿ, ಎದುರಿಗೆ ಕೂತಳು.

ಬಾಗಿಲಲ್ಲಿ ಶಾರ್ಶೆನ್ ಕಂಡ. ಹೆಮ್ಮೆಯಿಂದ ಹುಬ್ಬೇರಿಸಿದ. "ಹೆಂಗಿದೆ? ಅದೇ ಕೈ, ಅದೇ ಹದ. ಹೋದ್ ವರ್ಷದ್ದಕ್ಕಿಂತ ಇದು ಒಂದು ಕೈ ಮೇಲೇ ಅನ್ನು."

ಕೆಟಲು ಸಣ್ಣಗೆ ಹಾಡತೊಡಗಿತು. ಕೋಟಿನ ಉಣ್ಣೆ ಮೆಲ್ಲಗೆ ಅರಳಿತು. ಮೊದಲು ಹುಳಿ ಹಾಲು ಬಂತು. ಅದರ ಹಿಂದೆ ಒದ್ದೆ ನಾಯಿ. ಹೋತ ಕೊನೆಗೆ ಬಂದು ಎಲ್ಲರನ್ನೂ ಪಕ್ಕಕ್ಕೆ ಸರಿಸಿ ನಡುಮನೆಯಲ್ಲಿ ಕೂತಿತು. ಶಾರ್ಶೆನ್ ಹೇಳಿದ್ದು ಸುಳ್ಳಲ್ಲ, ಹೋದ ವರ್ಷದ್ದಕ್ಕಿಂತ ಇದು ಒಂದು ಕೈ ಮೇಲೇ ಇತ್ತು.

"ರೀ" ಎಂದಳು ಸೈರಕಾನ್, ಬಹಳ ಸೌಮ್ಯವಾಗಿ. "ಬೆಟ್ಟದ ಮೇಲೆ ಇದನ್ನ ಹದ ಮಾಡಿದ್ರಲ್ಲ, ಒಳಗಿನ ಕೊಬ್ಬು ಪೂರ್ತಿ ಕೆರೆದಿದ್ರಾ?"

"ಕೆರೆದೆ. ಅಲ್ಲಲ್ಲಿ."

"ಉಪ್ಪು?"

"ಉಪ್ಪು ಕುರಿಗೆ ನೆಕ್ಕೋಕೆ ಬೇಕಿತ್ತು. ಬದ್ಕಿರೋ ಕುರಿ ಮುಖ್ಯಾನೋ, ಸತ್ತಿರೋ ಕುರಿ ಮುಖ್ಯಾನೋ?"

"ಹುಳಿ ಹಾಲಲ್ಲಿ ನೆನೆ ಹಾಕಿ ಯಾವಾಗ ತೆಗೆದ್ರಿ?"

"ಹಾಕ್ದೆ. ಆಮೇಲೆ ಆ ಕಡೆ ಕುದುರೆ ಮೇಲಿನ ಆಟ ಇತ್ತು, ನೋಡೋಕೆ ಹೋದೆ. ಅಲ್ಲಿಂದ ಮದ್ವೆ ಒಂದಿತ್ತು. ಬಂದು ತೆಗೆದೆ."

"ಕುರಿ ಯಾವ್ದು?"

ಶಾರ್ಶೆನ್ ಮಲಗಿದ ಮೂಗನ್ನು ಉಜ್ಜಿಕೊಂಡ. "ಅದು ತಾನಾಗಿ ಸತ್ತಿತ್ತು."

"ಯಾವಾಗ?"

"ನಾನು ನೋಡಿದಾಗ ಆಗ್ಲೇ ಸತ್ತು... ಒಂಚೂರು ಹಳೇದಾಗಿತ್ತು. ಆದ್ರೆ ಉಣ್ಣೆ ನೋಡು, ಎಷ್ಟು ದಟ್ಟ!"

ಸೈರಕಾನ್ ಎದ್ದು, ಎರಡು ಬೆರಳಲ್ಲಿ ಕೋಟನ್ನು ಹಿಡಿದು, ತೋಳು ಪೂರ್ತಿ ಚಾಚಿ, ಹೊರಗೆ ಒಯ್ದು ಹಾಕಿ ಬಂದಳು. ಬಂದವಳೇ ಬಾಗಿಲ ಹಿಂದಿನ ಮೊಳೆಗೆ ಕೈ ಹಾಕಿದಳು. ಅಲ್ಲಿ ಶಾರ್ಶೆನನ ಕೋಟಿತ್ತು. ದೊಡ್ಡ ಊರಲ್ಲಿ ಹೊಲಿಸಿದ್ದು, ಒಳಗೆ ಎಳೆ ಕುರಿಮರಿಯ ಕಪ್ಪು ಉಣ್ಣೆ, ಹೊರಗೆ ದಪ್ಪ ಬಟ್ಟೆ, ಕೊಂಬಿನ ಗುಂಡಿ. ಈ ಕೋಟು ತೊಟ್ಟು ತೋರಿಸಿಕೊಳ್ಳಲೆಂದೇ ಶಾರ್ಶೆನ್ ಗುರುತಿಲ್ಲದವರ ಸಾವಿಗೂ ಹೋಗಿ ಕಣ್ಣೀರು ಹಾಕಿ ಬರುತ್ತಿದ್ದ.

"ಏಯ್! ಅದ್ಯಾಕೆ ಅದು?"

"ಬೀಗ್ರಿಗೆ."

"ತಲೆ ಕೆಟ್ಟಿದ್ಯಾ ನಿಂಗೆ? ಅವರ್ಗೆ ಅಂತ ಒಂದು ಮಾಡಿಟ್ಟಿದೀನಲ್ಲ!"

"ಮಾಡಿಟ್ಟಿದೀರ. ಅದಕ್ಕೇ ಅವರ್ಗೆ ಇದು."

"ನನ್ ಹೆಣದ ಮೇಲೆ..."

"ನಿಮ್ ಹೆಣದ ಮೇಲೂ ಇದನ್ನ ಹೊದಿಸಲ್ಲ, ಮೊದ್ಲೇ ಕೊಟ್ಟಿರ್ತೀನಿ. ಕೇಳಿ ಇಲ್ಲಿ. ಅಲ್ಲಿ ಅವಳ ಅತ್ತೆ ಒಲೆ ಹಚ್ಚಿದಾಗೆಲ್ಲ ನಿಮ್ ಮಗಳಿಗೆ ಏನಂತಾಳೆ ಗೊತ್ತಾ? ತವರಿನ ಅತ್ತರು ಬಂತು ಅಂತಾಳೆ. ನಿಮ್ ಮಗಳು ಆ ಹಾಳು ಚರ್ಮಾನ ಹೊಳೇಲಿ ತೊಳೀತಾಳೆ. ನಮ್ಮಪ್ಪ ಕೈಯಾರೆ ಮಾಡಿದ್ದು ಅಂತ ಸುಡೋಕೂ ಬಿಡಲ್ವಂತೆ. ಈಗ ಇನ್ನೊಂದನ್ನ ಕಳಿಸ್ತೀರಾ? ಕಿಟಕಿ ಅಂಟಿಸ್ಕೊಂಡು, ಎಳೇ ಕೂಸನ್ನ ತೊಡೆ ಮೇಲೆ ಇಟ್ಕೊಂಡು, ವಸಂತದವರ್ಗೂ ಅದನ್ನ ಮೂಸ್ತಾ ಕೂತಿರ್ಲಾ ಅವ್ಳು?"

ಶಾರ್ಶೆನ್ ಮೊಳೆಯತ್ತ ಬಂದ. ವಾಸನೆಯನ್ನು ಅವನು ಈಗಲೂ ನಂಬಲಿಲ್ಲ. ಆದರೆ ಮಗಳು ಹೊಳೆಯ ತಣ್ಣೀರಿನಲ್ಲಿ ಕೈ ಇಟ್ಟು ನಿಂತದ್ದು ಅವನ ಕಣ್ಣಿಗೆ ಕಂಡಿತು. ಮೊಳೆಯ ಮೇಲಿದ್ದ ಕೋಟಿನ ತೋಳನ್ನು ಒಮ್ಮೆ ಸವರಿದ.

"ಎದೆ ಜೇಬಲ್ಲಿ ನನ್ ಬಾಚಣಿಗೆ ಇದೆ" ಎಂದ. "ಅದೊಂದು ತೆಕ್ಕೋತೀನಿ."

ಬೀಳ್ಕೊಡುಗೆ ಅಂಗಳದಲ್ಲೇ ಆಯಿತು. ಸೈರಕಾನ್ ಕೋಟನ್ನು ಹೊದಿಸಿದಳು. ಓಸ್ಕೊಂಬಾಯ್ ಕಾಲರಿಗೆ ಮೂಗು ತಾಗಿಸಿದ, ತೋಳಿಗೆ ತಾಗಿಸಿದ, ಒಳಪದರಕ್ಕೆ ತಾಗಿಸಿದ. ಅವನ ಕಣ್ಣು ಒದ್ದೆಯಾಯಿತು. "ಏನೂ ಇಲ್ರಿ" ಎಂದ, ನಡುಗುವ ದನಿಯಲ್ಲಿ. "ಏನೇನೂ ವಾಸ್ನಿ ಇಲ್ಲ." ಬೀಗನನ್ನು ಬಾಚಿ ತಬ್ಬಿಕೊಂಡ. ಶಾರ್ಶೆನ್ ತನ್ನ ಕೋಟನ್ನು ಕೊನೆಯ ಸಲ ಹಾಗೆ ತಬ್ಬಿಕೊಂಡು ಸ್ವಲ್ಪ ಹೆಚ್ಚು ಹೊತ್ತೇ ನಿಂತ.

"ಬುರುಲ್ ಅತ್ತೆಗೆ ಹೇಳಿ" ಎಂದಳು ಸೈರಕಾನ್, "ತವರಿನ ಅತ್ತರು ಮುಗೀತು ಅಂತ."

"ನಾ ಹೇಳಾಕ ಬೇಕಾಗಿಲ್ರಿ. ಒಳಗ ಹ್ವಾದಕೂಡ್ಲೆ ತಾನ ತಿಳಕೋತಾಳ." ಕುದುರೆ ಹತ್ತಿ, ಬೇಲಿಯ ಕೊನೆಯ ಗೂಟದ ಕಡೆ ಕೈ ತೋರಿಸಿದ. "ಅದು ನಿಮ್ಮಲ್ಲೇ ಇರ್ಲಿ. ನನ್ನ ನೆನಪಿಗೆ."

ಹಿಂದಿರುಗಿ ನೋಡದೆ ಹೋದ. ಹೊತ್ತು ನೆತ್ತಿಗೇರುವ ಮೊದಲೇ ಘಾಟಿಯ ತಿರುವಿನಲ್ಲಿ ಕಪ್ಪು ಚುಕ್ಕೆಯಾಗಿ ಕಂಡ. ಸಂಜೆಗೆ ಅಲ್ಲಿ ಹಿಮ ಸುರಿಯತೊಡಗಿತು, ಸ್ವಲ್ಪ ಹೊತ್ತಿಗೆ ಊರ ಮೇಲೂ.

ಸೈರಕಾನ್ ಹೊಸ ಗಂಜಿ ಕಾಯಿಸಿದಳು. ಕಂಬಳಿಗಳನ್ನೆಲ್ಲ ಒದರಿದಳು, ನೆಲಕ್ಕೆ ಹಾಸಿದ್ದ ಉಣ್ಣೆಯ ನಮದೆಯನ್ನು ಹೊರಗೆ ಹಾಕಿ ಬಡಿದಳು, ಬಾಗಿಲು ಹಾರುಹೊಡೆದು ಮನೆಯ ಗಾಳಿಯನ್ನು ಪೂರ್ತಿ ಹೊರದೂಡಿದಳು. ಆಮೇಲೆ ಅಂಟಿಸಲು ಶುರುಮಾ‌ಡಿದಳು. ಅಡುಗೆಮನೆಯ ಕಿಟಕಿ ಮುಗಿಯಿತು. ಅಂಗಳದ ಕಡೆಯವು ಮುಗಿದವು. ಹೊಳೆಯ ಕಡೆಯದ್ದು ಒಂದು ಉಳಿಯಿತು. ಅದರ ಮೇಲಿನ ಮೂಲೆಗೆ ಪಟ್ಟಿ ಒತ್ತುವಾಗ ಬಾಗಿಲು ತೆರೆಯಿತು. ದನಗಳಿಗೆ ಹುಲ್ಲು ಹಾಕಿ ಶಾರ್ಶೆನ್ ಒಳಬಂದ. ಮೈಮೇಲೆ ಅವನೇ ಮಾಡಿದ ಹೊಸ ಕೋಟು.

"ಅದನ್ನ ಹೊರಗಿಟ್ಟು ಬನ್ನಿ."

"ಹೊರಗಿಟ್ರೆ ಬೆಳಿಗ್ಗೆ ಹಲಗೆ ಆಗಿರುತ್ತೆ ಕಣೇ, ಕೈ ತೂರಲ್ಲ. ನಂಗಿನ್ನೊಂದು ಎಲ್ಲಿದೆ? ಇದ್ದದ್ದನ್ನ ನೀನೇ ಕೊಟ್ಟೆ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ದನಗಳು ದಿನಾ ತಿನ್ನುತ್ತವೆ, ಚಳಿಗಾಲವಿನ್ನೂ ಈಗ ಶುರುವಾಗುತ್ತಿತ್ತು. ಶಾರ್ಶೆನ್ ಗೌರವದ ಜಾಗಕ್ಕೆ ಹೋಗಿ, ಕೈಗಳನ್ನು ಒಲೆಗೆ ಚಾಚಿ ಕೂತ. ಕೋಟಿನ ತುಪ್ಪಳದಿಂದ ಹಿಮ ಕರಗಿ ತೊಟ್ಟಿಕ್ಕಿತು. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಹುಳಿ ಹಾಲು ಬಂತು.

ಸೈರಕಾನ್ ಬ್ರಷ್ಷನ್ನು ಗಂಜಿಯಲ್ಲಿ ಅದ್ದಿದಳು. ಅದನ್ನು ಎತ್ತಿ ನೋಡಿದಳು. ಮತ್ತೆ ಪಾತ್ರೆಗೇ ಹಾಕಿದಳು. ಆಗತಾನೇ ಅಂಟಿಸಿದ್ದ ಪಟ್ಟಿಯನ್ನು ಪರ್ರೆಂದು ಕಿತ್ತು, ಕಿಟಕಿಯ ಎರಡೂ ಕದಗಳನ್ನು ತೆರೆದು ಗೋಡೆಗೆ ತಾಗಿಸಿದಳು. ಹೊಳೆಯ ಗಾಳಿ ನುಗ್ಗಿ ಬಂತು, ಅದರ ಬೆನ್ನಿಗೆ ಹಿಮ. ಅವಳು ಚಾಪೆ, ಕಂಬಳಿ, ದಿಂಬು ಎಳೆದು ತಂದು ಕಿಟಕಿಯ ಕೆಳಗೆ ಹಾಸಿಕೊಂಡಳು.

"ಏನ್ ಮಾಡ್ತಿದೀಯೇ? ಚಳಿ ಬರುತ್ತೆ!"

"ಬರ್ಲಿ" ಎಂದಳು ಸೈರಕಾನ್. "ಅದಕ್ಕೆ ವಾಸ್ನೆ ಇಲ್ಲ."

ಶಾರ್ಶೆನ್ ತಲೆಯಾಡಿಸಿ, ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡ.